ನಾಲ್ಕು ತಾಲ್ಲೂಕಿನ ಟೀಚರಮ್ಮ

ಕೋಲಾರದ ಕಡೆ ಮಕ್ಕಳಿಗೆ ಬೈಗುಳ ಒಂದು ಭಾಷೆಯಲ್ಲಿ, ಪಾಠ ಇನ್ನೊಂದು ಭಾಷೆಯಲ್ಲಿ ಸಿಗುವುದು ಹೊಸದೇನಲ್ಲ. ನಮ್ಮ ಮನೆಯಲ್ಲಿ ಎರಡನ್ನೂ ಕೊಡುತ್ತಿದ್ದವಳು ಅಜ್ಜಿ. ಸಿಟ್ಟು ಬಂದರೆ ತೆಲುಗು, ಮಗ್ಗಿ ಒಪ್ಪಿಸಬೇಕಾದರೆ ಕನ್ನಡ. ಮಗ್ಗಿ ತಪ್ಪಿದಾಗ ಎರಡೂ ಒಟ್ಟಿಗೆ.

ಮೈಸೂರು ಮಹಾರಾಜರ ಕಾಲದಲ್ಲಿ ಹುಟ್ಟಿ, 1956ರಲ್ಲಿ ರಾಜ್ಯ ಒಂದುಗೂಡಿದ ಆಸುಪಾಸಿನಲ್ಲಿ ನೌಕರಿಗೆ ಸೇರಿದವಳು. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ತೆಲುಗು. ಅವಳಿಗೆ ಕನ್ನಡ ಬಂದದ್ದು ಸ್ಲೇಟಿನಿಂದ. ಮೊದಲ ಊರು ಮುಳಬಾಗಿಲು ತಾಲ್ಲೂಕಿನ ಗಡಿಹಳ್ಳಿ, ಆಮೇಲೆ ಶ್ರೀನಿವಾಸಪುರ, ನಡುವೆ ಸ್ವಲ್ಪ ಕಾಲ ಕೋಲಾರ, ಕೊನೆಗೆ ಮಾಲೂರು. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಟ್ರಂಕು, ಒರಳುಕಲ್ಲು, ಮಕ್ಕಳು ಇಷ್ಟನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೊರಡುತ್ತಿದ್ದಳಂತೆ. ಒರಳುಕಲ್ಲಿಗೂ ಟಿಕೆಟ್ ಕೇಳಿದ ಕಂಡಕ್ಟರನ ಕಥೆಯನ್ನು ನಾವು ಎಷ್ಟು ಸಲ ಹೇಳಿಸಿಕೊಂಡೆವೋ!

ಮುಳಬಾಗಿಲಿನ ಆ ಹಳ್ಳಿಯಲ್ಲಿ ಒಂದನೇ ಕ್ಲಾಸಿಗೆ ಬರುತ್ತಿದ್ದ ಮಕ್ಕಳಿಗೆ ಕನ್ನಡದ ಗಂಧವೇ ಇರಲಿಲ್ಲ. ಪುಸ್ತಕ ಕನ್ನಡದ್ದು, ತಪಾಸಣೆಗೆ ಬರುವ ಇನ್‌ಸ್ಪೆಕ್ಟರು ಕೇಳುವುದೂ ಕನ್ನಡದಲ್ಲೇ. ಅಜ್ಜಿ ಮೊದಮೊದಲು ಅಕ್ಷರದ ಗೊಡವೆಗೇ ಹೋಗುತ್ತಿರಲಿಲ್ಲ. ತೆಲುಗಿನಲ್ಲಿ ಕಥೆ ಶುರು ಮಾಡಿ, ನರಿಯ ಮಾತು ಮಾತ್ರ ಕನ್ನಡದಲ್ಲಿ ಹೇಳುವುದು. ಮಾರನೇ ದಿನ ಕಾಗೆಗೂ ಕನ್ನಡ ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕಾಡಿಗೆ ಕಾಡೇ ಕನ್ನಡ ಮಾತಾಡುತ್ತಿತ್ತು. ಒಬ್ಬ ಹುಡುಗ ಎದ್ದು ನಿಂತು "ಟೀಚರ್, ನೀಳ್ಳು ತಾಗಿ ಬರ್ತೀನಿ" ಅಂದನಂತೆ. ದೊಡ್ಡ ಕ್ಲಾಸಿನವರು ಗೊಳ್ಳೆಂದರು. ಅಜ್ಜಿ ನಗಲಿಲ್ಲ, ತಿದ್ದಲೂ ಇಲ್ಲ. "ಹೋಗು, ನೀರು ಕುಡ್ದು ಬಾ" ಅಂದಳು. ಅವನು ಕುಡಿದು ಬಂದು, "ನೀರು ಕುಡ್ದು ಬಂದೆ ಟೀಚರ್" ಅಂದ. ಅವಳ ವಿಧಾನ ಇಷ್ಟೇ. ಇದಕ್ಕೆ ಈಗ ತರಬೇತಿ ಶಿಬಿರಗಳಿವೆ, ದಪ್ಪ ಕೈಪಿಡಿಗಳಿವೆ.

ಅದೇ ಶಾಲೆಯಲ್ಲಿ ತೆಲುಗು ಮಾತಾಡಿದವರಿಗೆ ಬಸ್ಕಿ ಹೊಡೆಸುತ್ತಿದ್ದ ಮೇಷ್ಟ್ರೊಬ್ಬರಿದ್ದರು. ಅಜ್ಜಿಗೂ ಅವರಿಗೂ ಜಟಾಪಟಿ. "ಅವರಮ್ಮ ಆಡೋ ಮಾತೇ ತಪ್ಪು ಅಂದ್ರೆ, ಆ ಮಗು ನಾಳೆ ಸ್ಕೂಲಿಗೆ ಯಾಕ್ರೀ ಬರುತ್ತೆ?" ಎನ್ನುವುದು ಅವಳ ವಾದ. ಮಕ್ಕಳನ್ನು ಒಲಿಸಿಕೊಳ್ಳಲು ಅವಳಲ್ಲಿ ಬೇರೊಂದು ಆಮಿಷವೂ ಇತ್ತು. ಕನ್ನಡ ಅಕ್ಷರ ಕಲಿತರೆ ತೆಲುಗು ಸಿನಿಮಾದ ಪೋಸ್ಟರನ್ನೂ ಹೆಚ್ಚುಕಮ್ಮಿ ಓದಬಹುದು! ಎರಡೂ ಲಿಪಿಗಳು ದಾಯಾದಿಗಳಲ್ಲವೆ? ಎನ್.ಟಿ. ರಾಮರಾವ್ ಹೆಸರನ್ನು ಗೋಡೆಯ ಮೇಲೆ ಓದುವ ಆಸೆಗೆ ಕಾಗುಣಿತ ಕಲಿತ ಹುಡುಗರು ಆ ಊರಲ್ಲಿ ಬಹಳ ಮಂದಿ. ಕನ್ನಡಕ್ಕೆ ರಾಮರಾವ್ ಮಾಡಿದ ಈ ಸೇವೆಯನ್ನು ಯಾರೂ ದಾಖಲಿಸಿಲ್ಲ ಎಂದು ಅಜ್ಜಿ ನಗುತ್ತಿದ್ದಳು.

ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರನ್ನು ಸಮಾಧಾನ ಮಾಡಲು ಡಿವಿಜಿ ಇದ್ದರು. ಅವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ, ಮೆಟ್ರಿಕ್ಯುಲೇಷನ್ ದಾಟಲಿಲ್ಲ. "ಕಗ್ಗ ಬರೆದವರೇ ಪಾಸಾಗಿಲ್ಲ, ನಿಂದೇನೋ" ಎಂದು ಬೆನ್ನು ತಟ್ಟಿ, ಅದೇ ಉಸಿರಿನಲ್ಲಿ, "ಹಾಗಂತ ಫೇಲಾದೋರೆಲ್ಲ ಕಗ್ಗ ಬರೆಯಲ್ಲ, ಓದ್ಕೋ ಹೋಗು" ಅನ್ನುವಳು. ಮಾಲೂರಿಗೆ ಹೋದ ಮೇಲೆ ಮಾಸ್ತಿ ಸಿಕ್ಕರು. ಅಲ್ಲಿ ತಮಿಳು ಆಡುವ ಮನೆಗಳೂ ಇದ್ದವು. ಹೆಂಚಿನ ಕಾರ್ಖಾನೆ, ಇಟ್ಟಿಗೆ ಗೂಡುಗಳಿಗೆ ಕೂಲಿಗೆ ಬಂದವರ ಮಕ್ಕಳು ಕ್ಲಾಸಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದವು. ಇದೇ ತಾಲ್ಲೂಕಿನ ಮಾಸ್ತಿಯವರ ಮನೆಮಾತೂ ತಮಿಳೇ ಎಂದು ಆ ಮಕ್ಕಳ ಮುಂದೆ ಹೇಳುವುದರಲ್ಲಿ ಅವಳಿಗೊಂದು ವಿಶೇಷ ಖುಷಿ. 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂದಾಗ ಶಾಲೆಯಲ್ಲೆಲ್ಲ ಮಂಡಕ್ಕಿ, ಬೆಲ್ಲ ಹಂಚಿದಳಂತೆ. ಕಾದಂಬರಿಯನ್ನು ಪೂರ್ತಿ ಓದಿದ್ದು ಮಾತ್ರ ನಿವೃತ್ತಿಯ ನಂತರ.

ಜನಗಣತಿಯ ಕೆಲಸವೂ ಮೇಷ್ಟ್ರುಗಳದ್ದೇ ಆಗಿತ್ತಲ್ಲ. 1971ರಲ್ಲಿ ಮನೆಮನೆಗೆ ಹೋಗಿ ಮಾತೃಭಾಷೆ ಎಂಬ ಕಾಲಂ ತುಂಬಿಸುವಾಗ, "ಏನ್ ಬರೆಸಿದ್ರೆ ಒಳ್ಳೇದು ಟೀಚರಮ್ಮ?" ಎಂದು ಜನ ಅವಳನ್ನೇ ಕೇಳುತ್ತಿದ್ದರು. ಯಾವುದನ್ನು ಬರೆಸಿದರೆ ಸೀಮೆಎಣ್ಣೆ ಜಾಸ್ತಿ ಸಿಗುತ್ತದೆ ಎಂಬ ಅನುಮಾನ ಅವರಿಗೆ. "ನಿಮ್ಮ ತಾಯಿ ಜೋಗುಳ ಹಾಡಿದ್ದು ಯಾವುದರಲ್ಲಿ, ಅದನ್ನ ಬರೆಸಿ" ಅನ್ನುವಳು. ಕನ್ನಡ ಕಲಿಸಲು ಸಂಬಳ ತೆಗೆದುಕೊಳ್ಳುವವಳು ಕಾಲಂನಲ್ಲಿ ತೆಲುಗು ಎಂದು ಬರೆದದ್ದೇ ಹೆಚ್ಚು. ಅದರಲ್ಲಿ ಅವಳಿಗೆ ಯಾವ ತೊಡಕೂ ಕಾಣಲಿಲ್ಲ.

ಸೀಮೆಎಣ್ಣೆ ಅಂದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಬಂತು, ಬೆಂಗಳೂರಿಗಿಂತಲೂ ಮೊದಲು. ಅದೇ ಜಿಲ್ಲೆಯ ಅಜ್ಜಿಯ ಶಾಲೆಗಳಲ್ಲಿ ಎಷ್ಟೋ ವರ್ಷ ಬಲ್ಬು ಇರಲಿಲ್ಲ. ಇದನ್ನವಳು ಆಡಿಕೊಂಡದ್ದು ನಾನು ಕೇಳಿಲ್ಲ. ನನಗೇ ಸಿಟ್ಟು ಬರುತ್ತದೆ.

ನೀರಿನ ಕೊಡದ ವಿಷಯ ಅವಳು ನಮಗೆ ಹೇಳಿದ್ದು ಬಹಳ ತಡವಾಗಿ. ಒಂದು ಶಾಲೆಯಲ್ಲಿ ಕೇರಿಯ ಮಕ್ಕಳು ಕೊಡ ಮುಟ್ಟುವಂತಿರಲಿಲ್ಲ. ಯಾರಾದರೂ ಎತ್ತಿ ಸುರಿದರೆ ಬೊಗಸೆಯೊಡ್ಡಿ ಕುಡಿಯಬೇಕು. ಅಜ್ಜಿ ಭಾಷಣ ಮಾಡಲಿಲ್ಲ. ದಿನವೂ ಹನ್ನೊಂದರ ಹೊತ್ತಿಗೆ ಆ ಕೇರಿಯ ಹುಡುಗಿಯೊಬ್ಬಳನ್ನು ಕರೆದು, "ಒಂದು ಲೋಟ ನೀರು ತಗೊಂಬಾರಮ್ಮ" ಎಂದು ಎಲ್ಲರೆದುರಿಗೆ ಕುಡಿಯತೊಡಗಿದಳು. ಊರಲ್ಲಿ ಗುಸುಗುಸು ಎದ್ದಿತು, ಕೆಲವರು ಮಕ್ಕಳನ್ನು ಬಿಡಿಸಿದರು, ಮಾವಿನ ಸುಗ್ಗಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಮತ್ತೆ ಕಳಿಸಿದರು. ಅಷ್ಟರಲ್ಲಿ ಅವಳಿಗೆ ವರ್ಗವಾಯಿತು. ಅದು ತಾನಾಗಿ ಬಂದ ವರ್ಗವೋ, ಯಾರೋ ಮಾಡಿಸಿದ್ದೋ, ಅವಳು ಹೇಳಲಿಲ್ಲ.

ನನ್ನ ಪಾಲಿನ ಅಜ್ಜಿ ಇದೆಲ್ಲ ಮುಗಿಸಿ ಕೋಲಾರದ ಮನೆಗೆ ಬಂದು ಕೂತವಳು. ಬೇಸಿಗೆ ರಜೆಗೆ ನಾವು ಮೊಮ್ಮಕ್ಕಳೆಲ್ಲ ಸೇರುತ್ತಿದ್ದೆವು. ಬೆಳಿಗ್ಗೆ ಅಂತರಗಂಗೆಯ ಮೆಟ್ಟಿಲು, ಬಸವನ ಬಾಯಿಂದ ಬೀಳುವ ನೀರು, ಕೋತಿಗಳ ಕಾಟ. ಇಳಿದು ಬಂದರೆ ಮುದ್ದೆ, ಮಸ್ಸೊಪ್ಪು. ಶ್ರೀನಿವಾಸಪುರದ ಪುಟ್ಟ ರೈಲಿನ ಕಥೆ ಆಗಲೇ ಆಗಬೇಕು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗುತ್ತಿದ್ದ ನ್ಯಾರೋಗೇಜ್ ಗಾಡಿ ಅದು. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಅಜ್ಜಿ ಹತ್ತಿದರೆ, ಅದರ ನಡಿಗೆಗೆ ಕೋಲಾರ ತಲುಪುವಷ್ಟರಲ್ಲಿ ಕಾಪಿ ಪುಸ್ತಕಗಳನ್ನೆಲ್ಲ ತಿದ್ದಿ ಮುಗಿಸಬಹುದಾಗಿತ್ತಂತೆ. ಈಗ ಅಲ್ಲಿ ಬ್ರಾಡ್‌ಗೇಜ್ ಹಳಿ.

ಮೇ ಕೊನೆಗೆ ಹಣ್ಣು ಬರುತ್ತಿತ್ತು. ಶ್ರೀನಿವಾಸಪುರದ ಹಳೇ ವಿದ್ಯಾರ್ಥಿಗಳು, ಅವರಲ್ಲಿ ಕೆಲವರಿಗೆ ಆಗಲೇ ತಲೆ ನರೆತಿತ್ತು, ಕ್ರೇಟುಗಟ್ಟಲೆ ತಂದು ಇಳಿಸುವರು. ಹಿತ್ತಲ ಕೋಣೆಯಲ್ಲಿ ಹುಲ್ಲು ಹಾಸಿ ರಸಪುರಿ, ಬಾದಾಮಿ, ಬೇನಿಷಾ, ಮಲಗೋವ ಎಂದು ಸಾಲು ಸಾಲಾಗಿ ಜೋಡಿಸುವುದು ಅಜ್ಜಿ. ಯಾವ ಹಣ್ಣು ಯಾವ ದಿನಕ್ಕೆ ಎಂಬುದನ್ನು ಮೂಸಿಯೇ ಹೇಳುವಳು. ಹಾಜರಿ ಕೂಗಿದಂತೆ ದಿನಾ ಒಂದು ಸುತ್ತು. ತೋತಾಪುರಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ. ಅದು ಚಿತ್ತೂರಿನ ಜ್ಯೂಸ್ ಫ್ಯಾಕ್ಟರಿಗೆ ಹೋಗಲಿಕ್ಕೇ ಹುಟ್ಟಿದ್ದು ಎಂದು ಅವಳ ತೀರ್ಮಾನ. ಉಪ್ಪು ಖಾರ ಹಚ್ಚಿದ ತೋತಾಪುರಿ ಹೋಳಿನ ಮುಂದೆ ಮಿಕ್ಕದ್ದೆಲ್ಲ ಸಪ್ಪೆ ಎನ್ನುವವನು ನಾನು. ಈ ಒಂದು ವಿಷಯದಲ್ಲಿ ನಮಗೆ ಕೊನೆವರೆಗೂ ರಾಜಿಯಾಗಲಿಲ್ಲ.

ಎಂಬತ್ತು ದಾಟಿದ ಮೇಲೆ, 2018ರಲ್ಲಿ, ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಬತ್ತುವುದನ್ನು ಕಂಡಿದ್ದವಳು, ನೋಡಲೇಬೇಕೆಂದು ಹಠ ಹಿಡಿದು ಕಾರಿನಲ್ಲಿ ಹೋದಳು. ತುಂಬಿದ ಲಕ್ಷ್ಮೀಸಾಗರ ಕೆರೆಯ ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿ, "ನಮ್ಮ ಹಾಲು, ತರಕಾರಿ ಎಲ್ಲಾ ತಿಂದು, ಕೈತೊಳೆದ ನೀರು ಕಳಿಸವ್ರೆ" ಅಂದಳು. ಮತ್ತೆ ಸ್ವಲ್ಪ ತಡೆದು, "ಅದಾದರೂ ಬಂತಲ್ಲ."

ಹದಿಮೂರನೇ ದಿನದ ಊಟಕ್ಕೆ ನಾಲ್ಕೂ ತಾಲ್ಲೂಕಿನವರು ಬಂದಿದ್ದರು. ಪಂಕ್ತಿಯಲ್ಲಿ ಮಾಲೂರಿನವರೊಬ್ಬರು, ಟೀಚರಮ್ಮ ಒಂದು ದಿನವೂ ಕೋಲು ಮುಟ್ಟಿದವರಲ್ಲ ಎಂದು ಗದ್ಗದರಾದರು. ಎದುರಿನ ಸಾಲಿನ ಮುಳಬಾಗಿಲಿನ ಹಿರಿಯರು ಪಾಯಸದ ಕೈಯನ್ನೇ ಮೇಲೆತ್ತಿ, ಗೆಣ್ಣಿನ ಮೇಲೆ ರೂಲುದೊಣ್ಣೆ ಬಿದ್ದ ಜಾಗ ತೋರಿಸಿದರು. ಹದಿನೇಳರ ಮಗ್ಗಿಗೆ ಬಿದ್ದ ಏಟಂತೆ. ಶ್ರೀನಿವಾಸಪುರದವರು ನಡುವೆ ಬಾಯಿಹಾಕಿ, ನಮ್ಮ ಕಾಲಕ್ಕೆ ಬರೀ ಕಿವಿ ಹಿಂಡುತ್ತಿದ್ದರು ಎಂದರು. ಅಲ್ಲಿಗೆ ಅಜ್ಜಿಯ ಸರ್ವೀಸ್ ರಿಜಿಸ್ಟರು ಪೂರ್ತಿ ತಿಳಿದಂತಾಯಿತು. ಜಗಳ ತೆಲುಗಿನಲ್ಲಿ ನಡೆಯಿತು. ಕೊನೆಗೆ ಪಂದ್ಯ ಕಟ್ಟಿ ಆ ಹಿರಿಯರು ಹದಿನೇಳರ ಮಗ್ಗಿಯನ್ನು ಕನ್ನಡದಲ್ಲಿ, ಒಂದೂ ತಪ್ಪದೆ, ನೂರ ಎಪ್ಪತ್ತರವರೆಗೆ ಒಪ್ಪಿಸಿ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.