ಲಿನಕ್ಸ್‌ನಲ್ಲಿ ಯಾವುದು ಒಳ್ಳೆಯದು?



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ನನಗೆ ಒಂದೇ ಪ್ರಶ್ನೆ ಬರುತ್ತಿದೆ: “ಸರ್, ಗಣಕಯಂತ್ರ ಚೆನ್ನಾಗಿಯೇ ಇದೆ, ವಿಂಡೋಸ್ 11 ಮಾತ್ರ ಅದಕ್ಕೆ ಒಗ್ಗುವುದಿಲ್ಲವಂತೆ. ಲಿನಕ್ಸ್ ಹಾಕಿಸಿದರೆ ಯಾವುದು ಒಳ್ಳೆಯದು?” ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮನೆಯ ಅಡಿಪಾಯವಿದ್ದಂತೆ. ಅದರ ಮೇಲೆ ಬೇರೆಬೇರೆ ಬಳಗಗಳು ಕಟ್ಟಿಕೊಟ್ಟ ಮನೆಗಳೇ ವಿತರಣೆಗಳು: 1993ರ ಡೆಬಿಯನ್, 2004ರ ಉಬುಂಟು, 2006ರ ಮಿಂಟ್ ಮುಂತಾದವು. ನಾವು ದಿನವಿಡೀ ಕುಳಿತೇಳುವ ಪಡಸಾಲೆಯೇ ಡೆಸ್ಕ್‌ಟಾಪ್: ಗ್ನೋಮ್, ಕೆಡಿಇ, ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಒಂದೇ ಮನೆಗೆ ಬೇಕಾದ ಪಡಸಾಲೆಯನ್ನು ಜೋಡಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲಿದೆ. ಗೊಂದಲ ಹುಟ್ಟುವುದೂ ಇಲ್ಲಿಯೇ.

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದ ಕಾಲವನ್ನು ನಮ್ಮ ಗುತ್ತೂರಿನ ಹಿರಿಯರು ಮರೆತಿಲ್ಲ. ಲೇತ್ ನಡೆಸುವವನ ಕಣ್ಣು ಕೆಲಸದ ಮೇಲಿರುತ್ತದೆ. ಹಿಡಿಕೆ ಎಲ್ಲಿದೆಯೆಂಬುದು ಕೈಗೆ ತಾನಾಗಿ ಗೊತ್ತಿರುತ್ತದೆ. ರಾತ್ರೋರಾತ್ರಿ ಯಾರಾದರೂ ಹಿಡಿಕೆಯ ಜಾಗ ಬದಲಿಸಿದರೆ? 2011ರಲ್ಲಿ ಗ್ನೋಮ್ 3 ಬಂದಾಗ ಅನೇಕ ಬಳಕೆದಾರರಿಗೆ ಹಾಗೆಯೇ ಆಯಿತು. ಆಗ ಅರ್ಜೆಂಟೀನಾದ ಬಳಕೆದಾರನೊಬ್ಬ ಹಳೆಯ ಗ್ನೋಮ್ 2ರ ಆಕರ ಸಂಕೇತವನ್ನೇ ತೆಗೆದುಕೊಂಡು ಮಾಟೆ ಎಂಬ ಡೆಸ್ಕ್‌ಟಾಪನ್ನು ಆರಂಭಿಸಿದ. ಮುಕ್ತ ತಂತ್ರಾಂಶವೆಂದರೆ ಬದಲಿಸುವ ಸ್ವಾತಂತ್ರ್ಯ ಮಾತ್ರವಲ್ಲ, ಇದ್ದಂತೆಯೇ ಇರುವ ಸ್ವಾತಂತ್ರ್ಯವೂ ಹೌದು. ನನಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ನನ್ನ ಅಕ್ಕನಿಗೀಗ ಎಪ್ಪತ್ತೆಂಟು ವರ್ಷ. ನಮ್ಮ ಅವ್ವ ಹಾಡುತ್ತಿದ್ದ ಸೋಬಾನೆ ಪದಗಳನ್ನು ಆಕೆ ನೆನಪಿನಿಂದ ಬರೆದಿಡುತ್ತಿದ್ದಾಳೆ. ಆ ಪದಗಳು ಬೇರೆಲ್ಲಿಯೂ ಬರಹದಲ್ಲಿಲ್ಲ. ಅಕ್ಕನ ನೆನಪು ಮಾಸಿದರೆ ಅವೂ ಹೋದಂತೆಯೇ. ನಾಲ್ಕು ಜಿಬಿ ಸ್ಮೃತಿಯ ಆಕೆಯ ಹಳೆಯ ಲ್ಯಾಪ್‌ಟಾಪಿಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿದ್ದೇನೆ. ಅದು ಹಗುರ, ಮೇಲಾಗಿ ಉಬುಂಟುವಿನ ದೀರ್ಘಾವಧಿ ಆವೃತ್ತಿಯನ್ನು ಆಧರಿಸಿರುವುದರಿಂದ ಐದು ವರ್ಷ ಸುರಕ್ಷತಾ ಪರಿಷ್ಕರಣೆಗಳು ದೊರೆಯುತ್ತವೆ. ಅಕ್ಷರದ ಗಾತ್ರ ಹೆಚ್ಚಿಸಿ, ಪರದೆಯ ಮೇಲೆ ಮೂರೇ ಚಿಹ್ನೆಗಳನ್ನು ಉಳಿಸಿದ್ದೇನೆ. ಕೀಲಿಮಣೆಯ ಆಯ್ಕೆಗಳಲ್ಲಿ ‘ಕಗಪ’ ವಿನ್ಯಾಸ ಇರುವುದರಿಂದ ನುಡಿಯಲ್ಲಿ ಪಳಗಿದ ಆಕೆಯ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬ “ಆರ್ಚ್ ಹಾಕಿ ಸರ್, ಎಲ್ಲವೂ ಸದಾ ಹೊಸದಾಗಿರುತ್ತದೆ” ಎಂದು ವಾದಿಸಿದ. ಅವನಿಗೆ ಅದು ಸರಿ. ಕೆಟ್ಟರೆ ತಾನೇ ಸರಿಪಡಿಸಿಕೊಳ್ಳಬಲ್ಲ. ಅಕ್ಕನ ಲ್ಯಾಪ್‌ಟಾಪ್ ಕೆಟ್ಟರೆ ಅವನು ಬೆಂಗಳೂರಿನಿಂದ ಬರಬೇಕು! ಆದ್ದರಿಂದ ನಿಮಗೆ ನೆರವಾಗಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆ, ಅವರು ಏನನ್ನು ಬಳಸುತ್ತಾರೆ ಎಂಬುದನ್ನು ಮೊದಲು ನೋಡಿ. ಅಂಥವರು ಅಪರೂಪವೇನಲ್ಲ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ನಮ್ಮ ರಾಜ್ಯದ ಅನೇಕ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಿದ್ದಾರೆ. ಕೇರಳದ ಶಾಲಾ ವ್ಯವಸ್ಥೆಗೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಂತೂ ಶಾಲೆಯಲ್ಲಿ ಲಿನಕ್ಸ್‌ನಲ್ಲಿಯೇ ಗಣಕ ಕಲಿಯುತ್ತಾರೆ. ಇದು ಪರಿಣತರಿಗೆ ಮಾತ್ರ ಎಂಬ ಅಳುಕು ಬೇಡ.

ಹಾಕಿಸುವ ಮುನ್ನ ಎರಡು ಕೆಲಸ ಮಾಡಿ. ಪೆನ್‌ಡ್ರೈವಿನಿಂದಲೇ ಗಣಕವನ್ನು ಆರಂಭಿಸಿ, ವೈಫೈ, ಮುದ್ರಣಯಂತ್ರ, ಕನ್ನಡದ ಒತ್ತಕ್ಷರ ಎಲ್ಲವನ್ನೂ ಪರೀಕ್ಷಿಸಿ; ಇದಕ್ಕಾಗಿ ಇರುವುದನ್ನು ಅಳಿಸಬೇಕಾಗಿಲ್ಲ. ಎರಡನೆಯದು, ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಒಮ್ಮೆ ಆರಿಸಿದ ಮೇಲೆ ಅದರಲ್ಲಿಯೇ ನೆಲೆ ನಿಲ್ಲಿ. ತಿಂಗಳಿಗೊಂದು ವಿತರಣೆ ಬದಲಿಸುವವರು ವಿತರಣೆಗಳನ್ನು ಬಲ್ಲವರಾಗುತ್ತಾರೆ, ಅಷ್ಟೇ. ಬರೆಯಬೇಕಾದದ್ದು ಬರೆಯದೆ ಉಳಿಯುತ್ತದೆ. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ, ನಿಮ್ಮ ಮನೆಯ ಹಿರಿಯರು ಅದರಲ್ಲಿ ಬರೆದಿಡಬಹುದಾದದ್ದು ಏನಾದರೂ ಇದೆಯೇ ಎಂದು ಒಮ್ಮೆ ಕೇಳಿ ನೋಡಿ.