ಥೊರೊಂಗ್ ಲಾ ಏರಲು ಯಾವ ತಿಂಗಳು ಮೇಲು?

ಕರ್ನಾಟಕದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ನೇಪಾಳದ ಕಾಳಿ ಗಂಡಕಿ ನದಿಯಿಂದ ಬಂದದ್ದು. ಹಿಮಾಲಯ ಇನ್ನೂ ಮೇಲೇಳದೆ ಅಲ್ಲಿ ಸಮುದ್ರವಿದ್ದ ಕಾಲದ ಅಮೊನೈಟ್ ಎಂಬ ಜೀವಿಯ ಪಳೆಯುಳಿಕೆ ಅದು. ಆ ನದೀ ಕಣಿವೆಯ ಮೇಲ್ಭಾಗದಲ್ಲಿ, 3,700 ಮೀಟರಿಗೂ ಮಿಕ್ಕ ಎತ್ತರದಲ್ಲಿ ಮುಕ್ತಿನಾಥ ಕ್ಷೇತ್ರವಿದೆ. ಯಾತ್ರಿಕರು ಜೊಮ್‌ಸೊಮ್ ಕಡೆಯಿಂದ ವಾಹನದಲ್ಲಿ ಅಲ್ಲಿಗೆ ಬರುತ್ತಾರೆ. ಚಾರಣಿಗರು ಪೂರ್ವದ ಮನಾಂಗ್ ಕಣಿವೆಯಿಂದ ನಡೆದು, ಥೊರೊಂಗ್ ಲಾ ದಾಟಿ ಮುಕ್ತಿನಾಥಕ್ಕೆ ಇಳಿಯುತ್ತಾರೆ. ‘ಲಾ’ ಎಂದರೆ ಟಿಬೆಟನ್ ಭಾಷೆಯಲ್ಲಿ ಘಾಟಿ. ಇದರ ಎತ್ತರ 5,416 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಸುಮಾರು ಎರಡೂಮುಕ್ಕಾಲು ಪಟ್ಟು.

ಇಂಥ ಘಾಟಿಯನ್ನು ಯಾವಾಗ ಏರಬೇಕು? ವಿದ್ಯಾರ್ಥಿಗಳು ರಜೆ ನೋಡಿ ತಿಂಗಳು ಗೊತ್ತುಮಾಡುತ್ತಾರೆ. ತಂದೆತಾಯಿಗಳು ರೈಲಿನ ಟಿಕೆಟ್ ನೋಡುತ್ತಾರೆ. ಆದರೆ ನಿಜವಾಗಿ ನೋಡಬೇಕಾದದ್ದು ಗಾಳಿ, ಮೋಡ ಮತ್ತು ಹಿಮವನ್ನು.

ನಾಲ್ಕು ಋತು, ನಾಲ್ಕು ಮುಖ

ಎತ್ತರ 1,000 ಮೀಟರ್ ಹೆಚ್ಚಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 800 ಮೀಟರ್ ಎತ್ತರದ ಪೊಖರಾದಲ್ಲಿ 20 ಡಿಗ್ರಿ ಸೆಲ್ಸಿಯಸ್ ಇದ್ದರೆ, ಘಾಟಿಯ ನೆತ್ತಿಯಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಎಂದು ಲೆಕ್ಕ ಹಾಕಬಹುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಚಳಿ ಇದಕ್ಕಿಂತ ಬಹಳ ಕಠಿಣ. ಪಶ್ಚಿಮದಿಂದ ಬರುವ ಮಾರುತಗಳು ಹಿಮ ಸುರಿಸಿ ದಾರಿ ಮುಚ್ಚುತ್ತವೆ. ಮೇಲಿನ ಎಷ್ಟೋ ವಸತಿಗೃಹಗಳೂ ಬಾಗಿಲು ಹಾಕುತ್ತವೆ.

ಮಾರ್ಚ್‌ನಿಂದ ಮೇವರೆಗೆ ವಸಂತ. ಕೆಳಗಿನ ಕಾಡುಗಳಲ್ಲಿ ನೇಪಾಳದ ರಾಷ್ಟ್ರಪುಷ್ಪವಾದ ‘ಲಾಲಿ ಗುರಾಂಸ್’ ಕೆಂಪಗೆ ಅರಳುತ್ತದೆ. ಆದರೆ ಮಾರ್ಚ್‌ನಲ್ಲಿ ಘಾಟಿಯ ಮೇಲೆ ಚಳಿಗಾಲದ ಹಿಮ ಉಳಿದಿರಬಹುದು. ಏಪ್ರಿಲ್, ಮೇ ಹೊತ್ತಿಗೆ ಧೂಳು, ಕಾಡುಗಿಚ್ಚಿನ ಹೊಗೆಯಿಂದ ನೋಟ ಮಸುಕು. ಮಧ್ಯಾಹ್ನದ ಮೇಲೆ ಮೋಡ.

ಮುಂಗಾರು ಜೂನ್ ಮಧ್ಯಭಾಗಕ್ಕೆ ನೇಪಾಳ ತಲುಪುತ್ತದೆ. ಅನ್ನಪೂರ್ಣಾ ಶ್ರೇಣಿಯ ದಕ್ಷಿಣಕ್ಕಿರುವ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿಂದ ನೇರ ರೇಖೆಯಲ್ಲಿ 50 ಕಿಲೋಮೀಟರ್ ಆಸುಪಾಸಿನ ಜೊಮ್‌ಸೊಮ್‌ನಲ್ಲಿ 300 ಮಿಲಿಮೀಟರಿನ ಸುತ್ತಮುತ್ತ ಅಷ್ಟೆ. ಆಗುಂಬೆ ಮತ್ತು ಚಳ್ಳಕೆರೆಯ ಕಥೆಯೇ ಇಲ್ಲೂ. ಮೋಡಗಳು ಪರ್ವತದ ಈಚೆಗೆ ನೀರು ಚೆಲ್ಲಿ ಆಚೆಗೆ ಬರಿಗೈಯಲ್ಲಿ ಹೋಗುತ್ತವೆ. ಮನಾಂಗ್ ಕೂಡ ಮಳೆನೆರಳಿನಲ್ಲಿದೆ. ಆದರೆ ಅಲ್ಲಿಗೆ ಮುಟ್ಟಿಸುವ ಕೆಳಗಿನ ದಾರಿಯಲ್ಲಿ ಜಿಗಣೆಗಳ ಕಾಟ, ಭೂಕುಸಿತದ ಭಯ.

ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಸಾಮಾನ್ಯವಾಗಿ ಮುಂಗಾರು ಹಿಂದೆ ಸರಿಯುತ್ತದೆ. ಮಳೆಯಲ್ಲಿ ತೊಳೆದ ಆಕಾಶ, ದೂರದ ಶಿಖರವೂ ಕೈಗೆ ಸಿಗುವಂತೆ ಕಾಣುವ ನೋಟ, ತಡೆಯಬಹುದಾದ ಚಳಿ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಅತ್ಯುತ್ತಮ ಕಾಲವೆಂದು ಬಲ್ಲವರ ಅಭಿಪ್ರಾಯ. ನಮ್ಮ ದಸರಾ ರಜೆ ಇದರ ಹತ್ತಿರವೇ ಬರುತ್ತದೆ. ಆದರೆ ರಜೆ ಸೆಪ್ಟೆಂಬರಿನಲ್ಲೇ ಬಿದ್ದ ವರ್ಷ ಮಳೆ ಇನ್ನೂ ಹೋಗಿರುವುದಿಲ್ಲ ಎಂಬುದನ್ನು ಮರೆಯಬಾರದು.

ಒಳ್ಳೆಯ ಕಾಲದಲ್ಲೂ ಕೆಟ್ಟ ದಿನ

2014ರ ಅಕ್ಟೋಬರ್ 12ರಂದು ‘ಹುದ್‌ಹುದ್’ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಉಳಿದ ತೇವ ಉತ್ತರಕ್ಕೆ ಸಾಗಿ, ಎರಡೇ ದಿನಗಳಲ್ಲಿ ಹಿಮಾಲಯಕ್ಕೆ ಬಡಿದು ಹಿಮವಾಗಿ ಸುರಿಯಿತು. ಅಕ್ಟೋಬರ್ 14ರಂದು ಥೊರೊಂಗ್ ಲಾ ಸುತ್ತಮುತ್ತ ಹಿಮಗಾಳಿ, ಹಿಮಪಾತಕ್ಕೆ ಸಿಕ್ಕಿ ಸತ್ತವರು 40ಕ್ಕೂ ಹೆಚ್ಚು. ಅವರಲ್ಲಿ ಚಾರಣಿಗರೂ ಇದ್ದರು, ಸ್ಥಳೀಯರೂ ಇದ್ದರು. ಅವರು ಆರಿಸಿದ ತಿಂಗಳು ತಪ್ಪಾಗಿರಲಿಲ್ಲ. ಕರ್ನಾಟಕಕ್ಕೂ ಇಂಥ ದುಃಖ ತಟ್ಟಿದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಇಲ್ಲಿಂದ ಹೋಗಿದ್ದ ತಂಡದ 9 ಮಂದಿ ಹಿಮಗಾಳಿಗೆ ಬಲಿಯಾದರು.

ಋತು ಎಂಬುದು ಅನೇಕ ವರ್ಷಗಳ ಸರಾಸರಿ; ಹವೆ ಎಂಬುದು ಆ ದಿನದ ಮಾತು. ಸರಾಸರಿಯನ್ನು ನಂಬಿ ಹೊರಡಬಹುದು, ಘಾಟಿ ಏರುವ ಮುನ್ನ ಆ ದಿನದ ಆಕಾಶವನ್ನೇ ನೋಡಬೇಕು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆಂಬ ಸುದ್ದಿ ಇದ್ದರೆ ಕೆಳಗಿನ ಊರಿನಲ್ಲೇ ತಂಗುವುದು ಜಾಣತನ.

ದೇಹಕ್ಕೂ ಸಮಯ ಬೇಕು. ಘಾಟಿಯ ನೆತ್ತಿಯಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. 3,500 ಮೀಟರ್ ಎತ್ತರದ ಮನಾಂಗ್‌ನಲ್ಲಿ ಅದಕ್ಕೇ ಒಂದು ದಿನ ಹೆಚ್ಚಾಗಿ ನಿಲ್ಲುತ್ತಾರೆ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರ ಅಲ್ಲಿ ವಸಂತ ಮತ್ತು ಶರತ್ಕಾಲದಲ್ಲಿ ತೆರೆದಿರುತ್ತದೆ. ಘಾಟಿ ದಾಟುವ ದಿನ ಬೆಳಗಿನ ಜಾವ ನಾಲ್ಕಕ್ಕೇ ಹೊರಡುವುದು ವಾಡಿಕೆ. ಹೊತ್ತೇರಿದಂತೆ ಗಾಳಿಯ ಅಬ್ಬರ ಹೆಚ್ಚುತ್ತದೆ.

ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಚೀಲಕ್ಕೆ ಉಣ್ಣೆ ಬಟ್ಟೆ ತುಂಬುವುದರ ಜೊತೆಗೆ ಲೆಕ್ಕದಲ್ಲಿ ಎರಡು ದಿನಗಳನ್ನೂ ಹೆಚ್ಚಾಗಿ ಇಡಲಿ. ವಾಪಸು ರೈಲಿನ ಟಿಕೆಟ್ ಹತ್ತಿರವಾದಷ್ಟೂ, ಕೆಟ್ಟ ಹವೆಯಲ್ಲೂ ಮುಂದೆ ಹೋಗುವ ಆತುರ ಹೆಚ್ಚು. ಘಾಟಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹಿಂದಿರುಗಿ ಬಂದವರು ಮತ್ತೆ ಏರಬಹುದು.