‘ತರ್ಕ’ ನೋಡಿದವರು ಏನಂದರು?

ಸುನಿಲ್ ಕುಮಾರ್ ದೇಸಾಯಿ ಅಂದರೆ ‘ಬೆಳದಿಂಗಳ ಬಾಲೆ’, ‘ನಿಷ್ಕರ್ಷ’ ಅನ್ನುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರ ಮೊದಲ ಸಿನಿಮಾ ‘ತರ್ಕ’ ಅಂದರೆ ಮಾತ್ರ ‘ಅದ್ಯಾವುದು?’ ಅಂತಾರೆ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು ನಟಿಸಿದ ಈ ಚಿತ್ರ ಬಂದದ್ದು 1989ರಲ್ಲಿ. ಇದರಲ್ಲಿ ಒಂದೂ ಹಾಡಿಲ್ಲ. ಮರುವರ್ಷವೇ ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಯಿತು. ಕೆ.ಎಸ್. ರವಿಕುಮಾರ್ ನಿರ್ದೇಶಕರಾದದ್ದು ಆ ಚಿತ್ರದಿಂದಲೇ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ತೀರಿಕೊಂಡರು. ಅವರ ಫೋಟೊ ಇವತ್ತಿಗೂ ಆಟೊಗಳ ಮೇಲಿದೆ, ಈ ಸಿನಿಮಾ ಮಾತ್ರ ಮರೆತುಹೋಗಿದೆ.

ಕಥೆಯನ್ನು ಪೂರ್ತಿ ಹೇಳಿದರೆ ನೋಡುವ ಸುಖ ಹೋಗುತ್ತದೆ. ಒಂದು ಮನೆ, ಹೆಂಡತಿ ಮೇಲೆ ಸದಾ ಅನುಮಾನಪಡುವ ಗಂಡ, ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುವ ಒಬ್ಬ, ಮತ್ತೊಂದು ಕೊಲೆ. ಇಷ್ಟು ಸಾಕು.

ಸುದ್ದಿಗಾಗಿ ತಾಲ್ಲೂಕು ತಾಲ್ಲೂಕು ಸುತ್ತುವ ನಾವು, ಈ ಸಿನಿಮಾ ನೋಡಿದವರು ಸಿಕ್ಕಾಗಲೆಲ್ಲ ಹೆಂಗಿತ್ತು ಅಂತ ಕೇಳುತ್ತಾ ಬಂದೆವು.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಸಿಕ್ಕ ಆಟೊ ಅಣ್ಣ ಇದನ್ನು ಆಗಲೇ ಟಾಕೀಸಿನಲ್ಲಿ ನೋಡಿದ್ದವರು. ‘ಶಂಕರಣ್ಣನ ಪಿಚ್ಚರು ಅಂತ ಶಿಳ್ಳೆ ಹೊಡಿಯೋಕೆ ರೆಡಿಯಾಗಿ ಹೋಗಿದ್ವಿ ಸಾ. ನೋಡುದ್ರೆ ಒಂದು ಹಾಡೂ ಇಲ್ಲ. ಎದ್ದು ಬಂದ್ಬುಡನ ಅನ್ನಿಸ್ತು. ಆದ್ರೆ ಕೊಂದೋರು ಯಾರು ಅಂತ ಗೊತ್ತಾಗ್ದೆ ಎಂಗ್ ಎದ್ದು ಬರೋದು?’

ಪಾಂಡವಪುರದ ಡಿಗ್ರಿ ಹುಡುಗ ನೋಡಿದ್ದು ಫೋನಿನಲ್ಲಿ. ‘ಸ್ವಲ್ಪ ಸ್ಲೋ ಸರ್. ಈಗಾಗಿದ್ರೆ ಟವರ್ ಲೊಕೇಶನ್ ತೆಗೆದು ಅರ್ಧ ಗಂಟೇಲಿ ಹಿಡಿದುಬಿಡ್ತಿದ್ರು’ ಅಂದ. ಅವನ ಮಾತು ಸುಳ್ಳಲ್ಲ. ಮೊಬೈಲ್, ಸಿಸಿಟಿವಿ ಇಲ್ಲದ ಕಾಲದ ಕಥೆ ಇದು. ಆದರೆ ಸ್ಲೋ ಅಂದವನೇ ಎರಡು ಸಲ ನೋಡಿದ್ದ!

ಕೆ.ಆರ್. ಪೇಟೆ ಕಡೆಯ ಆಲೆಮನೆ ಯಜಮಾನರು ಗಂಡನ ಪರ ವಹಿಸಿದರು. ‘ದೇವರಾಜ್ ಆಕ್ಟಿಂಗ್ ಬೊಂಬಾಟು. ಆದ್ರೂ ಗಂಡ ಅನ್ನೋನು ಸುಮ್‌ಸುಮ್ನೆ ಅನುಮಾನ ಪಟ್ಟಾನಾ? ಬೆಂಕಿ ಇಲ್ದೆ ಹೊಗೆ ಆಡ್ತದಾ?’ ಬೆಲ್ಲ ಅಚ್ಚಿಗೆ ಹಾಕುತ್ತಿದ್ದವರು ತಲೆ ಆಡಿಸಿದರು. ನಾವು ಸಿನಿಮಾ ಹೆಂಗಿದೆ ಅಂತ ಕೇಳಿದರೆ ಅವರು ಸಂಸಾರದ ಬಗ್ಗೆ ತೀರ್ಪು ಕೊಟ್ಟರು.

ಅದಕ್ಕೆ ಉತ್ತರ ಸಿಕ್ಕಿದ್ದು ನಾಗಮಂಗಲದಲ್ಲಿ. ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ಮಗನ ಫೋನಿನಲ್ಲಿ ‘ತರ್ಕ’ ನೋಡಿದ್ದರು. ಮಿಷನ್ ನಿಲ್ಲಿಸಿ ಹೇಳಿದರು: ‘ಕೊಂದೋರು ಯಾರಾದ್ರೇನಪ್ಪ? ಅವನು ಯಾವ ಗಳಿಗೇಲಿ ಏನ್ ಮಾಡ್ತಾನೋ ಅಂತ ಅವಳು ಜೀವ ಕೈಲಿ ಹಿಡ್ಕೊಂಡು ಇರ್ತಾಳಲ್ಲ, ಅದೇ ಕಣಪ್ಪ ಸಸ್ಪೆನ್ಸು. ನಮ್ಮ ಬೀದೀಲೂ ಹಂಗೆ ಬಾಳ್ದೋಳು ಒಬ್ಳಿದ್ಲು. ಗೇಟ್ ಸದ್ದಾದ್ರೆ ಸಾಕು, ಮಕ್ಕಳ ಬಾಯಿ ಮುಚ್ಚಿಸೋಳು.’ ಆಕೆ ಏನಾದಳು ಅಂತ ಕೇಳಿದೆವು. ‘ತವರಿಗೆ ಹೋದ್ಲು, ಪುಣ್ಯ’ ಅಂದು ಮತ್ತೆ ಮಿಷನ್ ತುಳಿದರು.

ಕ್ರೈಂ ಸುದ್ದಿ ಓದುವವರಿಗೆಲ್ಲ ಒಂದು ಹೆಡ್‌ಲೈನ್ ಬಾಯಿಪಾಠ ಆಗಿರುತ್ತದೆ: ‘ಶೀಲ ಶಂಕಿಸಿ ಪತ್ನಿಯ ಕೊಲೆ’. ಇದರಲ್ಲಿ ಸಸ್ಪೆನ್ಸ್ ಇಲ್ಲ. ಕೊಂದವನು ಯಾರು, ಯಾಕೆ ಕೊಂದ, ಎರಡೂ ನಾಲ್ಕು ಪದದಲ್ಲಿ ಮುಗಿಯಿತು. ಆ ‘ಯಾಕೆ’ ಹೇಳಿದವನು ಸಾಮಾನ್ಯವಾಗಿ ಕೊಂದವನೇ. ಸತ್ತವಳು ಎದ್ದು ಬಂದು ಅಲ್ಲ ಅನ್ನಲಾರಳು. ಓದುವವರು ಟೀ ಅಂಗಡಿಯಲ್ಲಿ ಪೇಪರ್ ಮಡಚುತ್ತಾ ಅದೇ ಆಲೆಮನೆ ಮಾತು ಹೇಳುತ್ತಾರೆ, ಬೆಂಕಿ ಇಲ್ಲದೆ ಹೊಗೆ ಆಡುತ್ತದಾ ಅಂತ. ‘ತರ್ಕ’ದಲ್ಲಿ ಹಾಗಿಲ್ಲ. ಅಲ್ಲಿ ಅನುಮಾನ ಗಂಡನಿಗೆ ಹಿಡಿದ ರೋಗ. ಆ ಮನೆಯಲ್ಲಿ ಅವಳು ಹೇಗೆ ಬದುಕಿದಳು ಅಂತ ನಮ್ಮನ್ನು ಕೂರಿಸಿ ತೋರಿಸುತ್ತದೆ.

ನಾಗಮಂಗಲದ ಅಕ್ಕನ ಮಾತನ್ನು ನಾವು ಡೆಸ್ಕಿನವರ ಮುಂದೆ ಇಟ್ಟೆವು. ‘ಪತ್ನಿ ಕೊಲೆ, ಪತಿ ಬಂಧನ’ ಅಂತ ಹಾಕಿದರೆ ಸಾಲದಾ ಅಂತ ಕೇಳಿದೆವು. ‘ಓದುಗರಿಗೆ ಕಾರಣ ಬೇಕಲ್ಲಪ್ಪ’ ಅಂತ ಉತ್ತರ ಬಂತು. ಕಾರಣ ಬೇಕು ಅನ್ನುವುದು ನಿಜ. ಹಾಗಾದರೆ ಅವಳ ತವರಿನವರನ್ನೂ, ಪಕ್ಕದ ಮನೆಯವರನ್ನೂ ಕೇಳಿ ಬರೆಯೋಣ ಅಂತ ನಮ್ಮ ವಾದ. ಇನ್ನೂ ಇತ್ಯರ್ಥ ಆಗಿಲ್ಲ.

‘ತರ್ಕ’ ನೋಡದವರು ಮನೆಮಂದಿ ಜೊತೆ ಕೂತು ಒಮ್ಮೆ ನೋಡಿ. ಕೊಂದವರು ಯಾರು ಅಂತ ಗಂಡಸರು ವಾದ ಮಾಡುವಾಗ, ಪಕ್ಕದಲ್ಲಿ ಕೂತ ಅಮ್ಮನೋ ಅಕ್ಕನೋ ಏನಂತಾರೆ ಕೇಳಿಸಿಕೊಳ್ಳಿ. ನಿಮ್ಮ ಬೀದಿಯಲ್ಲೂ ಗೇಟ್ ಸದ್ದಿಗೆ ಬೆಚ್ಚುವವರು ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಈ ಎರಡು ನಂಬರ್ ಅವರಿಗೆ ಹೇಳಿ. ಸಿನಿಮಾದ ಕೊನೆಯನ್ನು ಮಾತ್ರ ಯಾರಿಗೂ ಹೇಳಬೇಡಿ.